ಕೋಟು ತಿಂದ ಹುಳು

ಬೆಟಗೇರಿಯ ಆ ಮನೆಯನ್ನು ನೆನೆದರೆ ನನಗೆ ಕಣ್ಣು ತುಂಬುವುದಿಲ್ಲ. ಹುಟ್ಟಿ ಬೆಳೆದ ಮನೆಯ ಬಗ್ಗೆ ಬರೆಯುವವರು ಹಿತ್ತಲಿನ ಮಲ್ಲಿಗೆ, ಅಜ್ಜಿಯ ಕೈತುತ್ತು ಎಂದೆಲ್ಲ ಬರೆದದ್ದನ್ನು ಓದಿದ್ದೇನೆ. ಅದು ಅವರ ಪುಣ್ಯ. ನಮ್ಮ ಮನೆಗೆ ಹಿತ್ತಲೇ ಇರಲಿಲ್ಲ. ನೇಕಾರರ ಓಣಿಯಲ್ಲಿ ಎರಡು ಮನೆಗಳ ನಡುವೆ ಸಿಕ್ಕಿಹಾಕಿಕೊಂಡಂತೆ ನಿಂತಿದ್ದ ಉದ್ದನೆಯ ಮಣ್ಣಿನ ಮನೆ ಅದು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ನಡುಮನೆ, ಕೊನೆಗೆ ಅಡುಗೆಮನೆ, ಎಲ್ಲ ಒಂದರ ಹಿಂದೆ ಒಂದು. ಕಿಟಕಿ ಎಂಬುದಿಲ್ಲ. ನಡುಮನೆಯ ಚಾವಣಿಯ ಮೇಲ್ಮುದ್ದೆಯಲ್ಲಿ ಒಂದು ಬೆಳಕಿಂಡಿ ಇತ್ತು. ಬೆಳಿಗ್ಗೆ ಅದರಿಂದ ಪಡುವಣ ಗೋಡೆಯ ಮೇಲೆ ಬೀಳುತ್ತಿದ್ದ ಬಿಸಿಲು ಮಧ್ಯಾಹ್ನಕ್ಕೆ ನೆಲಕ್ಕಿಳಿದು ಸಂಜೆ ಮೂಡಣ ಗೋಡೆಯನ್ನು ಹತ್ತಿ ಹೋಗುತ್ತಿತ್ತು. ಅಕ್ಕಪಕ್ಕದ ಮನೆಗಳಿಂದ ಇಡೀ ದಿನ ಮಗ್ಗದ ಸಪ್ಪಳ. ಆ ಸಪ್ಪಳ ನಿಂತರೆ ನಮ್ಮ ಮನೆಯ ಜಗಳ ಓಣಿಗೆಲ್ಲ ಕೇಳುತ್ತದೆಂದು ಅಪ್ಪ ಹೆದರುತ್ತಿದ್ದ. ಆ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾವ ತಂಬಿಗೆಯಲ್ಲಿ ನೀರು ಕುಡಿಯಬೇಕು, ದೀಪ ಯಾರು ಹಚ್ಚಬೇಕು ಎಂಬುದನ್ನೆಲ್ಲ ನಿರ್ಧರಿಸುತ್ತಿದ್ದವಳು ಅಪ್ಪನ ಅಕ್ಕ, ನೀಲತ್ತಿ.

ಅತ್ತಿಯ ಗಂಡ ಲಕ್ಷ್ಮೇಶ್ವರದಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಮದುವೆಯಾಗಿ ಆರು ವರ್ಷಕ್ಕೆ ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ಅತ್ತಿ ಒಂದು ತಗಡಿನ ಟ್ರಂಕು ಮತ್ತು ಗಂಡನ ಕರಿಯ ಉಣ್ಣೆಯ ಕೋಟು ಹಿಡಿದುಕೊಂಡು ತವರಿಗೆ ಬಂದಳು. ಅಷ್ಟರಲ್ಲಿ ಅಜ್ಜಿ ಸತ್ತಿದ್ದಳು. ಅಪ್ಪನಿಗೆ ಆಗ ಒಂಬತ್ತು ವರ್ಷ. ಅವನನ್ನು ಉಣಿಸಿ, ಉಡಿಸಿ, ಹೊಡೆದು, ಓದಿಸಿ ದೊಡ್ಡವನನ್ನಾಗಿ ಮಾಡಿದವಳು ಅತ್ತಿಯೇ. ಅದಕ್ಕೇ ಅಪ್ಪ ಜೀವನದುದ್ದಕ್ಕೂ ಅವಳೆದುರು ದನಿ ಎತ್ತಲಿಲ್ಲ. ಅವನು ಬಸ್ ಕಂಡಕ್ಟರ್. ಗದಗಿನಿಂದ ಮುಂಡರಗಿಗೆ, ಶಿರಹಟ್ಟಿಗೆ ಹೋಗುವ ಬಸ್ಸುಗಳಲ್ಲಿ ಇಡೀ ದಿನ ಜನರ ಮೇಲೆ ಕೂಗಾಡಿ ಬರುತ್ತಿದ್ದವನು ಹೊಸಿಲು ದಾಟಿದ ಕೂಡಲೇ ಮೂಕನಾಗುತ್ತಿದ್ದ. ಕೋಟು ನಡುಮನೆಯ ಪಡುವಣ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಪ್ರತಿ ಸೋಮವಾರ ಅತ್ತಿ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಕೋಟಿನ ಎದೆಯ ಭಾಗವನ್ನು ಒಣ ಅರಿವೆಯಿಂದ ಮೂರು ಸಲ ಒರೆಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಗೂಟದಿಂದ ಇಳಿಸುತ್ತಿರಲಿಲ್ಲ. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಅದರ ಕಿಸೆಯಲ್ಲಿ ಕೈ ಹಾಕಿದ್ದಕ್ಕೆ ಬೆರಳು ಬಾತುಕೊಳ್ಳುವಂತೆ ಹೊಡೆತ ತಿಂದಿದ್ದೆ.

ಅವ್ವ ಸೊರಟೂರಿನವಳು. ಮದುವೆಗೆ ಮುಂಚೆಯೇ ಹೊಲಿಗೆ ಕಲಿತಿದ್ದಳು. ಬರುವಾಗ ತವರಿನಿಂದ ಹೊಲಿಗೆ ಯಂತ್ರ ತಂದು ಪಡಸಾಲೆಯಲ್ಲಿ ಬಾಗಿಲಿನ ಬೆಳಕು ಬೀಳುವ ಕಡೆ ಇಟ್ಟುಕೊಂಡಿದ್ದಳು. ಓಣಿಯ ಹೆಂಗಸರು ಕುಪ್ಪಸ ಹೊಲಿಸಲು ಬರುತ್ತಿದ್ದರು, ಕೂರುತ್ತಿದ್ದರು, ನಗುತ್ತಿದ್ದರು. ಅತ್ತಿಗೆ ಆ ನಗೆ ಆಗುತ್ತಿರಲಿಲ್ಲ. ಅವ್ವನೂ ಸುಮ್ಮನಿರುವವಳಲ್ಲ. ಅವರಿಬ್ಬರ ಮಾತು ದಿನಕ್ಕೆ ನಾಲ್ಕು ಸಲ ಹೀಗೆ ನಡೆಯುತ್ತಿತ್ತು:

"ಮುಂಜಾನಿಂದ ಕತ್ತರಿ ಸಪ್ಪಳ ನಿಂತಿಲ್ಲ. ಇದೇನು ಮನಿಯೋ, ಅಂಗಡಿಯೋ?"

"ಅಂಗಡಿ ಆಗಿದ್ರ ಸಂಜಿಕ ಬಾಗಲಾ ಹಾಕ್ಕೊಂಡು ಮನಿಗಿ ಹೋಗ್ತಿದ್ನಿರಿ ಅಕ್ಕಾರ. ಮನಿ ಆಗೈತಿ, ಎಲ್ಲಿಗಿ ಹೋಗ್ಲಿ?"

ಊಟಕ್ಕೆ ಕೂತರೆ ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಒಬ್ಬಳು, ರೊಟ್ಟಿ ಸೀದಿದೆಯೆಂದು ಇನ್ನೊಬ್ಬಳು. ನಾನು ಇಬ್ಬರ ಮುಖವನ್ನೂ ನೋಡದೆ ಉಣ್ಣುವುದನ್ನು ಕಲಿತೆ. ಗೋಡೆ ನೋಡುತ್ತ ಉಣ್ಣುತ್ತಿದ್ದೆ. ಹಾಗೆ ನೋಡುತ್ತಿದ್ದಾಗಲೇ ಆ ಹುಳುಗಳು ಕಣ್ಣಿಗೆ ಬಿದ್ದವು.

ಮೊದಲು ಅವನ್ನು ಸುಣ್ಣ ಎದ್ದು ಬಂದ ಚೂರು ಎಂದುಕೊಂಡಿದ್ದೆ. ಬೂದು ಬಣ್ಣ, ಸವತಿಕಾಯಿಯ ಬೀಜದಷ್ಟು ಉದ್ದ, ಹಾಗೆಯೇ ಚಪ್ಪಟೆ, ನಡುವೆ ಅಗಲ, ಎರಡೂ ತುದಿಗೆ ಕಿರಿದು. ಒಂದು ದಿನ ಅದರಲ್ಲೊಂದು ನಾಲ್ಕು ಬೆರಳಿನಷ್ಟು ಮೇಲೆ ಹೋಗಿತ್ತು. ತಾಟು ಬಿಟ್ಟು ಎದ್ದು ಹತ್ತಿರ ಹೋದೆ. ಅದು ಚೂರಲ್ಲ, ಪುಟ್ಟ ಚೀಲ. ಅದರ ಒಂದು ತುದಿಯಿಂದ ಕಂದು ಬಣ್ಣದ ಪುಟ್ಟ ತಲೆ ಹೊರಬಂತು, ಅದರ ಹಿಂದೆ ಮೂರು ಜೊತೆ ಕಾಲು. ಆ ಕಾಲುಗಳಿಂದ ಗೋಡೆ ಹಿಡಿದು ಜಗ್ಗಿತು. ಚೀಲ ಅಷ್ಟು ಮುಂದೆ ಬಂತು. ಬೆರಳು ತಾಗಿಸಿದೆ. ತಲೆ ಒಳಗೆ ಸರಿಯಿತು, ಚೀಲದ ಬಾಯಿ ಮುಚ್ಚಿಕೊಂಡಿತು. ಉಸಿರು ಹಿಡಿದು ಕಾದೆ. ಸ್ವಲ್ಪ ಹೊತ್ತಿಗೆ ತಲೆ ಕಾಣಿಸಿಕೊಂಡಿತು, ಆದರೆ ಇನ್ನೊಂದು ತುದಿಯಲ್ಲಿ. ಒಳಗೇ ತಿರುಗಿ ಮಲಗಲು ಅದಕ್ಕೆ ಜಾಗವಿತ್ತು. ಆ ಮನೆಯಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ ಮೊದಲ ಜೀವ ಅದು.

ನಾನು ಒಳ್ಳೆಯ ಹುಡುಗಿಯಾಗಿರಲಿಲ್ಲ. ಮರುದಿನವೇ ಅವ್ವನ ಡಬ್ಬಿಯಿಂದ ಬ್ಲೇಡು ಕದ್ದು ಒಂದು ಚೀಲವನ್ನು ಅಂಚಿಗುಂಟ ಸೀಳಿದೆ. ಹೊರಗೆ ಮಣ್ಣು, ಸುಣ್ಣದ ಪುಡಿ, ಜೇಡರ ಬಲೆಯ ಎಳೆ ಅಂಟಿಸಿಕೊಂಡು ಒರಟಾಗಿದ್ದ ಚೀಲ ಒಳಗೆ ಬಿಳಿ ರೇಷ್ಮೆಯಂತೆ ನುಣುಪಾಗಿತ್ತು. ಹುಳುವಿನ ತಲೆ ಗಟ್ಟಿ, ಕಾಲಿರುವ ಮೂರು ಗೆಣ್ಣುಗಳ ಬೆನ್ನೂ ಗಟ್ಟಿ ಮತ್ತು ಕಂದು. ಅದರ ಹಿಂದಿನ ಮೈಯೆಲ್ಲ ಹಾಲಿನಂತೆ ಬಿಳಿ, ಮೆತ್ತಗೆ. ಹೊಟ್ಟೆಯ ಅಡಿಯಲ್ಲಿ ಕಾಲಿನಂತಹ ಸಣ್ಣ ಗುಬಟುಗಳು. ಅವುಗಳಿಂದಲೇ ಅದು ಚೀಲವನ್ನು ಒಳಗಿನಿಂದ ಕಚ್ಚಿ ಹಿಡಿದಿರುತ್ತದೆ ಎಂಬುದು ಎಳೆದಾಗ ತಿಳಿಯಿತು. ಎಷ್ಟು ಎಳೆದರೂ ಬರಲಿಲ್ಲ. ಕೊನೆಗೆ ಬಂತು. ಬರಿಮೈಯಲ್ಲಿ ನೆಲದ ಮೇಲೆ ಹೊರಳಾಡಿತು. ಇರುವೆಗಳು ಬಂದು ಹೊತ್ತುಕೊಂಡು ಹೋದವು. ನಾನು ಕೊನೆಯವರೆಗೂ ನೋಡುತ್ತ ಕೂತಿದ್ದೆ.

ಆ ವರ್ಷದ ಸಂಕ್ರಾಂತಿಗೆ ಅತ್ತಿ ಎಂದೂ ಮಾಡದ ಒಂದು ಕೆಲಸ ಮಾಡಿದಳು. ಕೋಟನ್ನು ಗೂಟದಿಂದ ಇಳಿಸಿ, ಬಿಸಿಲಿಗೆ ಹಾಕಲು ಕಟ್ಟೆಗೆ ತಂದಳು. ಕಾಲರು ಎತ್ತಿ ನೋಡಿದಾಗ ಅದರ ಅಡಿ ಬಟಾಣಿ ಕಾಳಿನಷ್ಟು ಎರಡು ತೂತು. ಬಗಲಿನಲ್ಲಿ ಮೂರು. ಒಳಮಗ್ಗುಲಿನಲ್ಲಿ ಅಂಗೈಯಗಲ ಉಣ್ಣೆಯೇ ಇಲ್ಲದೆ ಬರಿ ಎಳೆ ಉಳಿದಿತ್ತು. ಅತ್ತಿ ಕೋಟು ಹಿಡಿದು ಪಡಸಾಲೆಗೆ ಬಂದು ಯಂತ್ರದ ಮುಂದೆ ನಿಂತಳು. ಅವ್ವನ ಕೈಯಲ್ಲಿ ಕತ್ತರಿ ಇತ್ತು. ಎದುರಿಗೆ ಕುಪ್ಪಸದ ಅಳತೆ ಕೊಡಲು ಬಂದ ಇಬ್ಬರು ಹೆಂಗಸರು.

"ಯಾವಾಗ ಕತ್ತರಿಸಿದಿ ಇದನ್ನ?"

"ನಾನ್ಯಾಕ ಕತ್ತರಿಸ್ಲಿ ಅಕ್ಕಾರ?" ಅವ್ವ ಕೂತಲ್ಲಿಂದಲೇ ಕೇಳಿದಳು. "ನುಸಿ ಹತ್ತಿರಬೇಕು."

"ಇಷ್ಟು ವರ್ಷ ಹತ್ತದ ನುಸಿ ಈಗ ಹತ್ತತೇನು? ಕತ್ತರಿ ಯಾರ ಕೈಯಾಗ ಐತಿ? ಗಂಡನ್ನ ಕಳಕೊಂಡಾಕಿ ಹತ್ರ ಅದೊಂದ ಉಳದಿತ್ತು. ಅದೂ ನಿನ್ನ ಕಣ್ಣಿಗಿ ಚುಚ್ಚಿತೇನು?"

ಹೆಂಗಸರು ಅಳತೆ ಕೊಡದೆ ಎದ್ದು ಹೋದರು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಗಿತ್ತು. ಅಪ್ಪ ಬಂದ. ಅತ್ತಿ ಕೋಟನ್ನು ಅವನ ಮಡಿಲಿಗೆ ಹಾಕಿದಳು. ಅವನು ತೂತಿನಲ್ಲಿ ಬೆರಳು ಹಾಕಿ ನೋಡಿದ, ಅವ್ವನನ್ನು ನೋಡಿದ, ಮತ್ತೆ ತೂತು ನೋಡಿದ.

"ಇನ್ನ ಸ್ವಲ್ಪ ದಿನ ಹೊಲಿಗಿ ನಿಲ್ಲಸು, ಶಾಂತಾ," ಎಂದ. "ಅಕ್ಕಗ ಸಮಾಧಾನ ಆಗಲಿ."

"ಅಂದ್ರ ನಾನ ಕತ್ತರಿಸೀನಿ ಅಂತ ಆತಲ್ಲ?"

ಅಪ್ಪ ಕೋಟನ್ನು ಅಕ್ಕನ ಕೈಗೆ ಕೊಟ್ಟ. ಅತ್ತಿ ಯಂತ್ರಕ್ಕೆ ಮರದ ಮುಚ್ಚಳ ಹಾಕಿ, ಬೀಗ ಜಡಿದು, ಕೀಲಿಯನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡಳು. ಆ ದಿನದಿಂದ ಅವ್ವ ಬೆಳಗಾದರೆ ಮುಚ್ಚಿದ ಯಂತ್ರದ ಮುಂದೆ ಕೈ ಕಟ್ಟಿಕೊಂಡು ಕೂರುತ್ತಿದ್ದಳು. ಅವಳು ಅಳುತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ತಿಂದದ್ದು ಹುಳುವೇ ಎಂದು ನನಗೆ ಗೊತ್ತಿತ್ತು. ಕೋಟು ತೂಗುತ್ತಿದ್ದ ಗೂಟದ ಕೆಳಗಿನ ಗೋಡೆಯಲ್ಲಿ ಸಿಗುತ್ತಿದ್ದ ಚೀಲಗಳಲ್ಲಿ ಕರಿಯ ಎಳೆಗಳು ಕಾಣುತ್ತಿದ್ದವು. ಅಡುಗೆಮನೆಯ ಗೋಡೆಯ ಚೀಲಗಳಲ್ಲಿ ಅವು ಇರಲಿಲ್ಲ. ಆದರೆ ಹಾಗೆಂದು ಬಾಯಿಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ತೋರಿಸಬೇಕು ಎನ್ನಿಸಿತು. ಅಗಲ ಬಾಯಿಯ ಗಾಜಿನ ಬಾಟಲಿಯೊಂದನ್ನು ತೊಳೆದು ಒಣಗಿಸಿದೆ. ನನ್ನ ಹಳೆಯ ಕೆಂಪು ಸ್ವೆಟರಿನ ತೋಳಿನಿಂದ ಉಣ್ಣೆ ಬಿಚ್ಚಿ, ಸಣ್ಣಗೆ ಹಿಂಜಿ ಒಳಗೆ ಹಾಕಿದೆ. ಗೋಡೆಯಿಂದ ಆರು ಹುಳುಗಳನ್ನು ಬಿಡಿಸಿ ಬಿಟ್ಟೆ. ಬಾಯಿಗೆ ತೆಳು ಅರಿವೆ ಕಟ್ಟಿ, ಪುಸ್ತಕದ ಗೂಡಿನ ಹಿಂದೆ ಇಟ್ಟೆ. ಮೂರು ದಿನ ಅವು ಅಲುಗಾಡಲಿಲ್ಲ. ನಾಲ್ಕನೆಯ ದಿನ ಬಾಟಲಿಯ ತಳದಲ್ಲಿ ಗಸಗಸೆಯಂತಹ ಕೆಂಪು ಹಿಕ್ಕೆ ಬಿದ್ದಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ನಾಲ್ಕು ಚೀಲಗಳ ಎರಡೂ ತುದಿಗೆ ಕೆಂಪು ಅಂಚು ಮೂಡಿತು. ಹುಳು ಬೆಳೆದಂತೆ ಚೀಲ ಸಾಲದೆ ಹೋಗುತ್ತದೆ. ಆಗ ಅದು ಬಾಯಿಯಿಂದ ನೂಲು ತೆಗೆದು, ತಾನು ತಿನ್ನುವುದರಲ್ಲಿಯೇ ಒಂದಿಷ್ಟನ್ನು ಸೇರಿಸಿ, ತುದಿಗಳನ್ನು ಹಿಗ್ಗಿಸಿಕೊಳ್ಳುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದೆ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಅದರ ಕುಲದ ಹೆಸರು ಫೆರಿಯೋಯಿಕಾ ಎಂದೂ, ಮನೆ ಹೊತ್ತು ತಿರುಗುವುದು ಎಂದು ಅದರ ಅರ್ಥವೆಂದೂ, ಬೆರಳೆಣಿಕೆಯ ಜಾತಿಗಳಷ್ಟೇ ಇರುವ ಸಣ್ಣ ಕುಲ ಅದೆಂದೂ ತಿಳಿದೆ. ಪ್ರಯೋಗಾಲಯದಲ್ಲಿ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸಿದಾಗ ಉಳಿದವರೆಲ್ಲ ಬೆರಗಾಗಿ ನೋಡಿದರು. ನಾನು ಎದ್ದು ಹೊರಗೆ ಬಂದಿದ್ದೆ.

ಒಂದು ರವಿವಾರ ಅಪ್ಪ ಮನೆಯಲ್ಲಿದ್ದಾಗ ಬಾಟಲಿಯನ್ನೂ ಗೂಟದ ಕೆಳಗಿನಿಂದ ಬಿಡಿಸಿದ ಒಂದು ಚೀಲವನ್ನೂ ತಂದು ಬೆಳಕಿಂಡಿಯ ಕೆಳಗೆ ಇಟ್ಟೆ. ಮೂವರನ್ನೂ ಕರೆದೆ. ಕೆಂಪು ಉಣ್ಣೆ ತಿಂದ ಹುಳುವಿನ ಚೀಲ ಕೆಂಪಾಗಿದೆ, ಕೋಟಿನ ಕೆಳಗಿನ ಹುಳುವಿನ ಚೀಲ ಕಪ್ಪಾಗಿದೆ, ಎರಡನ್ನೂ ನೋಡಿ ಎಂದೆ. ಅಪ್ಪ ಬಗ್ಗಿ ನೋಡಿದ. ಅತ್ತಿ ಬಾಟಲಿ ಎತ್ತಿಕೊಂಡು ತಿರುಗಿಸಿದಳು.

"ಇದನ್ನ ನಿನಗ ಯಾರು ಕಲಿಸಿದ್ರು?"

"ಯಾರೂ ಇಲ್ಲ. ನಾನ ನೋಡೀನಿ."

"ಹನ್ನೆಲ್ಡು ವರ್ಷದ ಹುಡುಗಿಗಿ ಇಷ್ಟು ಬುದ್ಧಿ ಎಲ್ಲಿಂದ ಬರತೈತಿ?" ಅತ್ತಿ ಅಪ್ಪನ ಕಡೆ ತಿರುಗಿದಳು. "ನೋಡೋ ತಮ್ಮಾ. ಮಗಳ ಕಡಿಂದ ಸುಳ್ಳ ಹೇಳಸಾಕ ಹತ್ಯಾಳ. ಹುಳಾ ಸಾಕಿಸ್ಯಾಳ ಮನಿಯೊಳಗ!"

ಅವಳು ಕಟ್ಟೆಗೆ ಹೋಗಿ ಬಾಟಲಿಯನ್ನು ಓಣಿಯ ಗಟಾರಕ್ಕೆ ಎಸೆದಳು. ಒಡೆದ ಸಪ್ಪಳ ಕೇಳಿತು. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ. ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಏನಾದರೂ ಅನ್ನುತ್ತಾನೆಂದು ಎಷ್ಟು ಹೊತ್ತು ಕಾಯಬಹುದೋ ಅಷ್ಟು ಹೊತ್ತು ಕಾದಳು. ಆಮೇಲೆ ಎದ್ದು, ಎರಡು ಸೀರೆ ಚೀಲಕ್ಕೆ ತುರುಕಿಕೊಂಡಳು.

"ನಾ ಸೊರಟೂರಿಗಿ ಹೊಂಟೆ. ಕರೀಬೇಕು ಅನಿಸಿದ ದಿನ ಬಂದು ಕರೀರಿ. ಸುಮಾ, ನಿನ್ನ ಪರೀಕ್ಷೆ ಐತಿ. ಓದ್ಕೋ."

ನಾನೂ ಬರುತ್ತೇನೆ ಎಂದು ಅವಳ ಸೆರಗು ಹಿಡಿದೆ. ಅವಳು ಬೆರಳು ಬಿಡಿಸಿದಳು. ಅವಳಿಗಾಗಿ ನಾನು ಎರಡು ವಾರ ಹುಳು ಕಾದಿದ್ದೆ. ಅವಳು ನನ್ನನ್ನು ಆ ಮನೆಯಲ್ಲಿ ಬಿಟ್ಟು ಹೋದಳು. ಅತ್ತಿಯ ಮೇಲಿನ ದ್ವೇಷದ ಪಕ್ಕದಲ್ಲಿ ಅವ್ವನ ಮೇಲಿನದೊಂದು ಆ ಮಧ್ಯಾಹ್ನ ಬಂದು ಕೂತಿತು. ಅದು ಪೂರ್ತಿ ಹೋಗಿದೆ ಎಂದು ಈ ವಯಸ್ಸಿನಲ್ಲೂ ಹೇಳಲಾರೆ.

ಮರುದಿನ ಬೆಳಿಗ್ಗೆ ಅತ್ತಿ ನಳಕ್ಕೆ ನೀರು ತರಲು ಹೋದಾಗ ನಾನು ಅವಳ ಟ್ರಂಕು ತೆರೆದೆ. ಅದಕ್ಕೆ ಬೀಗವಿರಲಿಲ್ಲ; ಆ ಮನೆಯಲ್ಲಿ ಅತ್ತಿಯ ವಸ್ತು ಮುಟ್ಟುವ ಧೈರ್ಯ ಯಾರಿಗೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡು ಇಳಕಲ್ ಸೀರೆಗಳ ಕೆಳಗೆ, ಬಿಳಿ ಅರಿವೆಯಲ್ಲಿ ಸುತ್ತಿದ ಒಂದು ಉಣ್ಣೆಯ ಶಾಲು. ಮದುವೆಯಲ್ಲಿ ಮಾಸ್ತರರಿಗೆ ಹೊದಿಸಿದ್ದು. ಕೆನೆಯ ಬಣ್ಣ, ಅಂಚಿಗೆ ಹಸಿರು ಬಳ್ಳಿ. ಗೋಡೆಯಿಂದ ಬಿಡಿಸಿ ತಂದಿದ್ದ ಹದಿನಾಲ್ಕು ಹುಳುಗಳನ್ನು ಅದರ ಮಡಿಕೆಗಳಲ್ಲಿ ಇಟ್ಟು, ಸೀರೆಗಳನ್ನು ಮೊದಲಿದ್ದಂತೆಯೇ ಜೋಡಿಸಿ ಮುಚ್ಚಳ ಹಾಕಿದೆ. ಅವ್ವ ಊರಲ್ಲಿಲ್ಲದಾಗ ಶಾಲು ತೂತಾದರೆ ಅದಕ್ಕೆ ಯಾರ ಕತ್ತರಿಯನ್ನು ತೋರಿಸುತ್ತಾಳೋ ನೋಡೋಣ ಎಂಬುದು ನನ್ನ ಲೆಕ್ಕ. ಅದು ಅರ್ಧ ನಿಜ. ಇನ್ನರ್ಧ ಅವಳಿಗೆ ನೋವಾಗಲಿ ಎಂಬುದಷ್ಟೇ ಆಗಿತ್ತು.

ಆಮೇಲೆ ಕಾಯುವುದು. ಟ್ರಂಕನ್ನು ಮತ್ತೆ ತೆರೆಯುವ ಧೈರ್ಯವಾಗಲಿಲ್ಲ. ಅದರಲ್ಲಿ ಏನು ನಡೆದಿರಬಹುದೆಂದು ತಿಳಿಯಲು ಇನ್ನೊಂದು ಬಾಟಲಿಯಲ್ಲಿ ನಾಲ್ಕು ಹುಳು ಸಾಕಿ, ಈ ಸಲ ಶಾಲೆಯ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಒಂದೊಂದಾಗಿ ಅವು ತಿನ್ನುವುದನ್ನು ಬಿಟ್ಟು ಗಾಜಿನ ಮೇಲೆ ಹತ್ತಿ, ಚೀಲದ ತುದಿಯನ್ನು ನೂಲಿನಿಂದ ಅಂಟಿಸಿಕೊಂಡು ಜೋತುಬಿದ್ದವು. ಇನ್ನೊಂದು ತುದಿ ಮುಚ್ಚಿದ ತುಟಿಯಂತೆ ಚಪ್ಪಟೆಯಾಯಿತು. ಹುಳು ಒಳಗೆ ಕೋಶವಾಗಿ ಎರಡು ವಾರ ಇತ್ತು. ಒಂದು ಮಧ್ಯಾಹ್ನ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ನೋಡಿದರೆ ಆ ತುಟಿ ತೆರೆದು, ಕೋಶದ ಕಂದು ಸಿಪ್ಪೆ ಅರ್ಧ ಹೊರಗೆ ಚಾಚಿಕೊಂಡಿತ್ತು. ಪಕ್ಕದಲ್ಲಿ ಪತಂಗ ಕೂತಿತ್ತು. ನನ್ನ ಕಿರುಬೆರಳ ಉಗುರಿಗಿಂತ ದೊಡ್ಡದಲ್ಲ. ಬೂದು ರೆಕ್ಕೆಯ ಮೇಲೆ ಮೂರುನಾಲ್ಕು ಕಪ್ಪು ಚುಕ್ಕೆ, ಹಿಂದಿನ ರೆಕ್ಕೆಯ ಅಂಚಿಗೆ ಕೂದಲಿನ ಜಾಲರಿ, ನೆತ್ತಿಯ ಮೇಲೆ ಬಾಚದ ತಲೆಯಂತೆ ಎದ್ದ ರೋಮ. ಬೆಲ್ಲದ ನೀರು ಇಟ್ಟೆ. ಮುಟ್ಟಲಿಲ್ಲ. ಅದು ಏನನ್ನೂ ತಿನ್ನುವುದಿಲ್ಲ. ತಿನ್ನುವುದೆಲ್ಲ ಹುಳುವಾಗಿದ್ದಾಗಲೇ ಮುಗಿದಿರುತ್ತದೆ. ಬಿರುಕು ಹುಡುಕಿ ಮೊಟ್ಟೆಯಿಟ್ಟು ಸಾಯುವುದಷ್ಟೇ ಅದರ ಕೆಲಸ. ನಮ್ಮ ಮನೆಯಲ್ಲಿ ಹಾರುವ ನುಸಿಯನ್ನು ಕಂಡರೆ ಎಲ್ಲರೂ ಚಪ್ಪಾಳೆ ಹೊಡೆದು ಕೊಲ್ಲುತ್ತಿದ್ದರು. ಬಟ್ಟೆ ತಿಂದದ್ದು ಅದಲ್ಲ, ಗೋಡೆಯ ಮೇಲೆ ಸುಣ್ಣದ ಚೂರಿನಂತೆ ಕೂತದ್ದು ಎಂದು ಯಾರಿಗೂ ತಿಳಿದಿರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ನನಗೆ ಜ್ವರ ಬಂತು. ಅತ್ತಿ ನಾಲ್ಕು ದಿನ ನನ್ನ ಹಾಸಿಗೆ ಬಿಟ್ಟು ಏಳಲಿಲ್ಲ. ಹಣೆಗೆ ತಣ್ಣೀರ ಪಟ್ಟಿ ಹಾಕಿದಳು, ಗಂಜಿ ಕುಡಿಸಿದಳು, ವಾಂತಿ ಬಳಿದಳು. ಅವಳ ಕೈ ಒರಟಾಗಿಯೇ ಇತ್ತು, ಆದರೆ ಬಿಡಲಿಲ್ಲ. ಮಾಸ್ತರರು ಹೋದದ್ದೂ ಜ್ವರದಿಂದಲೇ ಎಂಬುದು ನೆನಪಾಗಿ, ನಾಲ್ಕನೆಯ ದಿನ ನಾನು ಕೇಳಬಾರದ್ದನ್ನು ಕೇಳಿದೆ.

"ಅತ್ತಿ, ಮಾಮಾ ಆ ಕೋಟು ಹಾಕ್ಕೋತಿದ್ರೇನು?"

ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ಒಂದ ದಿನ ಹಾಕ್ಕೊಂಡಿದ್ರು. ಶಾಲಿಗಿ ಸಾಹೇಬರು ಬರಾವ್ರಿದ್ರು ಅಂತ ಹೊಲಿಸಿದ್ದು. ತೋಳು ಉದ್ದ ಆಗಿದ್ವು. ಬೆರಳ ಕಾಣ್ತಿದ್ದಿಲ್ಲ. ಹುಡುಗ್ರು ನಕ್ಕವಂತ. ಮನಿಗಿ ಬಂದು, ನೀಲಾ, ಇವನ್ನ ಗಿಡ್ಡ ಮಾಡಿಕೊಡು ಅಂದ್ರು. ನಾ, ನಾಳಿ ಮಾಡ್ತೀನಿ ಅಂದೆ. ಎಂಟ ದಿನ ನಾಳಿ ನಾಳಿ ಅಂದೆ."

ಅವಳು ಪಟ್ಟಿ ತೆಗೆದು ನೀರಲ್ಲಿ ಅದ್ದಿ ಹಿಂಡಿ ಮತ್ತೆ ಹಾಕಿದಳು. ಒಂಬತ್ತನೆಯ ದಿನ ಏನಾಯಿತೆಂದು ಹೇಳಲಿಲ್ಲ. ಮರುದಿನ ನಾನು ಎದ್ದು ಓಡಾಡುವಂತಾದೆ. ಅವಳು ನೀರಿಗೆ ಹೋದಾಗ ಟ್ರಂಕಿನ ಮುಂದೆ ಹೋಗಿ ನಿಂತೆ. ತೆರೆದು, ಶಾಲು ಝಾಡಿಸಿ, ಹುಳುಗಳನ್ನು ಆರಿಸಿ ಎಸೆಯಲು ಹತ್ತು ನಿಮಿಷ ಸಾಕಿತ್ತು. ಮುಚ್ಚಳದ ಮೇಲೆ ಕೈ ಇಟ್ಟೆ ಕೂಡ. ಪಡಸಾಲೆಯಲ್ಲಿ ಬೀಗ ಜಡಿದ ಯಂತ್ರ ಕಾಣುತ್ತಿತ್ತು. ಕೈ ತೆಗೆದು ಓದಲು ಕೂತೆ. ಹೇಳಬೇಕೆಂದರೆ, ಮೊದಲು ಇಟ್ಟದ್ದಕ್ಕಿಂತ ಆ ದಿನ ತೆಗೆಯದೆ ಬಿಟ್ಟದ್ದೇ ನಾನು ಮಾಡಿದ ತಪ್ಪು.

ಯುಗಾದಿಯ ಹಿಂದಿನ ದಿನ ಅತ್ತಿ ಮನೆಯನ್ನೆಲ್ಲ ಸಾರಿಸಿ, ಬಟ್ಟೆಗೆ ಬಿಸಿಲು ತೋರಿಸಲು ಟ್ರಂಕು ತೆರೆದಳು. ನಾನು ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ಅಪ್ಪ ಗಡ್ಡ ಕೆರೆದುಕೊಳ್ಳುತ್ತಿದ್ದ. ಸಪ್ಪಳವೇನೂ ಆಗಲಿಲ್ಲ. ಬಹಳ ಹೊತ್ತು ಆಗದಿದ್ದಾಗ ನಾವಿಬ್ಬರೂ ನಡುಮನೆಗೆ ಬಂದೆವು. ಅತ್ತಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಶಾಲು. ಅದರ ಮಡಿಕೆ ಬಿಚ್ಚಿದಲ್ಲೆಲ್ಲ ತೂತು. ಹಸಿರು ಬಳ್ಳಿ ಅಲ್ಲಲ್ಲಿ ಕಡಿದುಹೋಗಿತ್ತು. ಬಿಳಿ ಅರಿವೆಯಲ್ಲಿ ಕೆನೆಬಣ್ಣದ ಚೀಲಗಳು ಅಂಟಿಕೊಂಡಿದ್ದವು. ಎರಡು ಪತಂಗಗಳು ಟ್ರಂಕಿನಿಂದ ಎದ್ದು ಬೆಳಕಿಂಡಿಯ ಬಿಸಿಲಲ್ಲಿ ಹಾರಾಡಿದವು. ಅವಳು ಅವುಗಳನ್ನು ಹೊಡೆಯಲಿಲ್ಲ. ಅಪ್ಪ ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡೇ ಬಗ್ಗಿ, ಒಂದು ಚೀಲ ಎತ್ತಿ ಅಂಗೈ ಮೇಲಿಟ್ಟುಕೊಂಡು ನೋಡಿದ. ನನ್ನ ಬಾಟಲಿ ಅವನಿಗೆ ನೆನಪಾಗಿರಬೇಕು.

"ಶಾಂತಾ ಸೊರಟೂರಾಗ ಅದಾಳ, ಅಕ್ಕಾ," ಎಂದ. "ಆಕಿ ಕತ್ತರಿ ಅಷ್ಟು ಉದ್ದ ಇಲ್ಲ."

ಅವನು ಅಕ್ಕನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅತ್ತಿ ಸೆರಗಿನ ಗಂಟು ಬಿಚ್ಚಿ ಯಂತ್ರದ ಕೀಲಿಯನ್ನು ನೆಲದ ಮೇಲಿಟ್ಟಳು. ಅಪ್ಪ ಮುಖ ತೊಳೆದುಕೊಂಡು ಸೊರಟೂರಿಗೆ ಹೋದ. ಸಂಜೆಗೆ ಅವ್ವ ಬಂದಳು.

ಗೆದ್ದ ಅವ್ವ ಹೇಗಿರುತ್ತಾಳೆಂದು ನಾನು ಯೋಚಿಸಿರಲಿಲ್ಲ. ಅವಳು ಯಂತ್ರಕ್ಕೆ ಎಣ್ಣೆ ಹಾಕಿದಳು, ಓಣಿಯ ಹೆಂಗಸರನ್ನೆಲ್ಲ ಕರೆದಳು. ಒಬ್ಬೊಬ್ಬರು ಬಂದಾಗಲೂ ಶಾಲಿನ ಕತೆ ಮೊದಲಿನಿಂದ ಹೇಳುತ್ತಿದ್ದಳು, ಒಳಗೆ ಅತ್ತಿಗೆ ಕೇಳಲೆಂದೇ ದನಿ ಏರಿಸಿ.

"ನಾ ಸೊರಟೂರಾಗ ಕುಂತು ಕತ್ತರಿ ಬೀಸಿದ್ನಿರಿ. ಅದು ಹಾರಿ ಬಂದು ಅಕ್ಕಾರ ಟ್ರಂಕಿನಾಗ ಹೊಕ್ಕಿತು!"

ಹೆಂಗಸರು ನಗುತ್ತಿದ್ದರು. ಅತ್ತಿ ಅಡುಗೆಮನೆಯಿಂದ ಹೊರಗೆ ಬರುವುದನ್ನು ಬಿಟ್ಟಳು. ಎಲ್ಲರ ಊಟವಾದ ಮೇಲೆ ಒಬ್ಬಳೇ ಒಲೆಯ ಮುಂದೆ ಕೂತು ಉಣ್ಣುತ್ತಿದ್ದಳು. ಉಪ್ಪು ಹೆಚ್ಚಾದರೂ ಮಾತಿಲ್ಲ, ಕಡಿಮೆಯಾದರೂ ಮಾತಿಲ್ಲ. ಸೋಮವಾರ ಕೋಟನ್ನು ಒರೆಸಲಿಲ್ಲ. ಅವ್ವನ ಮೇಲೆ ತಾನು ಹೊರಿಸಿದ್ದು ಸುಳ್ಳೆಂದು ಅವಳಿಗೆ ಮನವರಿಕೆಯಾಗಿರಲಿಲ್ಲ, ಸೋತಿದ್ದಳು, ಅಷ್ಟೇ. ಅವಳು ಹಾಗೆ ಕುಗ್ಗುವುದನ್ನು ನೋಡಬೇಕೆಂದು ನಾನು ಎಷ್ಟೋ ದಿನ ಆಸೆಪಟ್ಟಿದ್ದೆ. ಹತ್ತು ದಿನ ನೋಡಿದೆ. ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ.

"ಅತ್ತಿ, ಶಾಲಿನಾಗ ಹುಳಾ ಬಿಟ್ಟಾಕಿ ನಾನು."

ಅವಳ ಅಂಗೈ ನಿಲ್ಲಲಿಲ್ಲ. ರೊಟ್ಟಿಯನ್ನು ಪೂರ್ತಿ ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿದಳು.

"ಎಷ್ಟ ಬಿಟ್ಟಿದ್ದಿ?"

"ಹದಿನಾಕು."

"ಯಾವಾಗ?"

"ಅವ್ವ ಹೋದ ಮರದಿನ. ನೀ ನೀರಿಗಿ ಹೋದಾಗ."

"ಕೋಟಿನಾಗೂ ನೀನ ಬಿಟ್ಟಿದ್ದೇನು?"

"ಇಲ್ಲತ್ತಿ. ಕೋಟಿಗಿ ಅವು ತಾವ ಹತ್ತಿದ್ವು. ಖರೇನ."

ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅವಳು ಅದನ್ನು ತಿರುವಲಿಲ್ಲ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಹಂಗಾರ ಶಾಂತಾ ಕತ್ತರಿ ಹಾಕಿದ್ದಿಲ್ಲ," ಎಂದಳು.

"ಇಲ್ಲ."

ಎರಡು ವಾರ ಕಾದು, ಕಣ್ಣೆದುರು ಇಟ್ಟು ತೋರಿಸಿದ್ದನ್ನು ಅವಳು ನಂಬಿರಲಿಲ್ಲ. ಕಳ್ಳಿಯೊಬ್ಬಳು ತಾನಾಗಿ ಬಂದು ಹೇಳಿದ್ದನ್ನು ಒಂದೇ ಮಾತಿಗೆ ನಂಬಿದಳು. ಮುಂದೆ ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದೆ. ಕಣ್ಣಾರೆ ಕಂಡದ್ದನ್ನಷ್ಟೇ ನಂಬಿರಿ ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ಒಳಗೊಳಗೆ ನನಗೇ ಅದರ ಮೇಲೆ ನಂಬಿಕೆಯಿರಲಿಲ್ಲ.

ಆ ದಿನ ಮಧ್ಯಾಹ್ನ ಅತ್ತಿ ಕೈ ತೊಳೆದುಕೊಂಡು ಪಡಸಾಲೆಗೆ ಹೋದಳು. ಎಂದೂ ಕೂರದ ಜಾಗದಲ್ಲಿ, ಯಂತ್ರದ ಪಕ್ಕದಲ್ಲಿ, ನೆಲದ ಮೇಲೆ ಕೂತಳು. ಮೂವರು ಹೆಂಗಸರಿದ್ದರು. ಅವರೆಲ್ಲರ ಎದುರಿಗೇ ಹೇಳಿದಳು:

"ಶಾಂತಾ, ಕೋಟಿನ ಮಾತು ನಾ ತಪ್ಪಾಡಿದೆ. ನೀ ಕತ್ತರಿಸಿದ್ದಿಲ್ಲ."

ಅವ್ವನ ಕಾಲು ಯಂತ್ರದ ಮೇಲೆ ನಿಂತಿತು.

"ಆತು ಬಿಡ್ರಿ ಅಕ್ಕಾರ," ಎಂದಳು. "ಚಾ ಮಾಡ್ತೀನಿ, ಕುಂಡ್ರಿ."

ಆಮೇಲೆ ಅವರಿಬ್ಬರೂ ಪ್ರೀತಿಯಿಂದ ಬಾಳಿದರು ಎಂದೇನಲ್ಲ. ಆದರೆ ಜಗಳಗಳು ಉಪ್ಪು ಖಾರಕ್ಕೆ ನಿಂತವು, ಸಂಜೆಯ ಚಹಾ ಒಟ್ಟಿಗೆ ಕುಡಿಯುವಂತಾದರು. ಅತ್ತಿ ಅವ್ವನ ಜೊತೆ ಮಾತು ಶುರು ಮಾಡಿದ ದಿನವೇ ನನ್ನ ಜೊತೆ ನಿಲ್ಲಿಸಿದಳು. ಹುಳು ಬಿಟ್ಟವಳು ನಾನೆಂದು ಅಪ್ಪನಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ನನ್ನ ತಲೆ ಬಾಚುತ್ತಿದ್ದಳು, ತಾಟಿಗೆ ಬಿಸಿ ರೊಟ್ಟಿ ಹಾಕುತ್ತಿದ್ದಳು, ಮಾತಿಲ್ಲ. ಕರೆಯಬೇಕಾದರೆ ಅವ್ವನಿಗೆ ಹೇಳುತ್ತಿದ್ದಳು: "ಆಕಿನ್ನ ಉಣ್ಣಾಕ ಕರಿ." ಆಕಿ ಎಂದರೆ ನಾನು.

"ನೀ ಏನ ಮಾಡೀಲೇ ಅತ್ತಿಗಿ?" ಎಂದು ಅವ್ವ ಎಷ್ಟೋ ಸಲ ಕೇಳಿದಳು. ಗೊತ್ತಿಲ್ಲ ಎಂದೆ.

ಐದು ವರ್ಷದ ಮೇಲೆ ನಾನು ಧಾರವಾಡಕ್ಕೆ ಓದಲು ಹೊರಟ ಬೆಳಿಗ್ಗೆ ಅತ್ತಿ ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ ಬಡಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತಿಂಗಳಿಗಾಗುವಷ್ಟು. ಅಪ್ಪ ನನ್ನ ಚೀಲ ಹೊತ್ತು ಮುಂದೆ ನಡೆದ. ನಾನು ಕಟ್ಟೆಯ ಮೇಲೆ ಅತ್ತಿಯ ಕಾಲಿಗೆ ಬಿದ್ದೆ. ಅವಳು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ. ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ನಾನು ಎದ್ದು ನಿಂತಾಗ ಅವಳ ಎರಡು ಕೈಯಲ್ಲೂ ರೊಟ್ಟಿಯ ಗಂಟು ಇತ್ತು. ನಾನು ಕೈ ಚಾಚಿದೆ. ಅವಳು ಅದನ್ನು ಅವ್ವನ ಕೈಗೆ ಕೊಟ್ಟಳು. ಅವ್ವ ನನಗೆ ಕೊಟ್ಟಳು.